ಆಜ್ಞೆ ಮತ್ತು ಭಾರ: ಮೋಟಾರು ವಾಹನದ ಬಿಸಿ ಆಸನದಿಂದ ಒಂದು ವಿಜ್ಞಾನ ಪಾಠ



ಕಾಸರಗೋಡಿನ ನಮ್ಮ ಕರಾವಳಿಯಲ್ಲಿ ಮೋಟಾರು ವಾಹನವನ್ನು ಏರಿದವರು ಮೊದಲು ಮಾಡುವ ಕೆಲಸವೆಂದರೆ ಕಿಟಕಿಯ ಗಾಜನ್ನು ಇಳಿಸುವುದು. ಬಿಸಿಲಿನಲ್ಲಿ ನಿಂತ ವಾಹನದ ಆಸನವು ತಾನಾಗಿಯೇ ಕಾದಿರುತ್ತದೆ. ಹೀಗಿರಲು, ಆಸನವನ್ನು ಕಾಯಿಸುವುದಕ್ಕೆಂದೇ ಒಂದು ಸಾಧನವುಂಟು ಎಂದರೆ ನಿಮಗೆ ನಗು ಬಂದೀತು. ಆದರೆ ಕೆನಡಾದ ವಿನ್ನಿಪೆಗ್ ನಗರದಂತಹ ಸ್ಥಳಗಳಲ್ಲಿ ಜನವರಿ ತಿಂಗಳ ರಾತ್ರಿ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುವುದು ಸಾಮಾನ್ಯ. ಅಲ್ಲಿ ಬೆಳಗ್ಗೆ ವಾಹನದ ಆಸನದಲ್ಲಿ ಕುಳಿತರೆ ಮಂಜುಗಡ್ಡೆಯ ಮೇಲೆ ಕುಳಿತಂತೆಯೇ ಸರಿ.

ಅಂತಹ ದೇಶವೊಂದರಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಚಳಿಗಾಲದಲ್ಲಿ ನನಗೆ ಒಂದು ಕಾಗದ ಬರೆದನು. ಅವನ ತಂದೆಯವರು ಊರಿನಿಂದ ಮಗನ ಮನೆಗೆ ಹೋಗಿದ್ದರು. ಪಾರ್ಶ್ವವಾಯುವಿನಿಂದ ಅವರ ಎಡಭಾಗದ ಸ್ಪರ್ಶಜ್ಞಾನವು ಕುಂದಿತ್ತು. ತಂದೆಯವರಿಗೆ ಚಳಿಯಾಗಬಾರದೆಂದು ಮಗನು ಪೇಟೆಯಿಂದ ಎರಡು ಬಿಸಿ ಆಸನದ ಹೊದಿಕೆಗಳನ್ನು ತಂದನು. ಅವನ ವಾಹನವು ಕಡಮೆ ಬೆಲೆಯ ಮಾದರಿಯದು. ಹೆಚ್ಚು ಬೆಲೆಯ ಮಾದರಿಯಲ್ಲಿ ಆಸನ ಕಾಯಿಸುವ ಸ್ವಿಚ್ಚು ಇರುವ ಜಾಗದಲ್ಲಿ ಇದಕ್ಕೆ ಬರಿಯ ಮುಚ್ಚಳವಿತ್ತು. ಗುಜರಿ ಅಂಗಡಿಯಿಂದ ಅದೇ ಕಾರ್ಖಾನೆಯ ಸ್ವಿಚ್ಚನ್ನು ತಂದು ಮುಚ್ಚಳದ ಜಾಗದಲ್ಲಿ ಕೂಡಿಸಿದನು. ಹೊದಿಕೆಗಳೊಡನೆ ಬಂದಿದ್ದ ಪುಟ್ಟ ನಿಯಂತ್ರಕ ಪೆಟ್ಟಿಗೆಗಳನ್ನು ಕತ್ತರಿಸಿ ತೆಗೆದು, ಎರಡು ಹೊದಿಕೆಗಳ ತಂತಿಗಳನ್ನೂ ನೇರವಾಗಿ ಆ ಒಂದೇ ಸ್ವಿಚ್ಚಿಗೆ ಜೋಡಿಸಿದನು. ನೋಡಲು ಬಹಳ ಅಚ್ಚುಕಟ್ಟಾಗಿತ್ತಂತೆ.

ಒಂಬತ್ತನೆಯ ದಿನ ದಾರಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿತು. ವಾಹನವನ್ನು ನಿಲ್ಲಿಸಿ ನೋಡಲು ಸ್ವಿಚ್ಚು ಕರಗಿ ಬಾಗಿತ್ತು. ಫ್ಯೂಸು ಮಾತ್ರ ನೆಟ್ಟಗಿತ್ತು. ಮನೆಗೆ ಬಂದ ಮೇಲೆ ತಂದೆಯವರ ಎಡತೊಡೆಯ ಹಿಂಭಾಗದಲ್ಲಿ ಅಂಗೈಯಗಲದ ಸುಟ್ಟಗಾಯ ಕಾಣಿಸಿತು. ಅವರು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಿರಲಿಲ್ಲ. ಬಿಸಿಯು ಅವರಿಗೆ ತಿಳಿದೇ ಇರಲಿಲ್ಲ. ಗಾಯವು ಕೆಲವು ವಾರಗಳಲ್ಲಿ ಮಾಯಿತು. ಮಗನ ಮನಸ್ಸಿನ ನೋವು ಅಷ್ಟು ಬೇಗ ಮಾಯುವಂಥದಲ್ಲ. "ಓಮನ ನಿಯಮವನ್ನು ನೀವೇ ಕಲಿಸಿದ್ದಿರಿ, ಮಾಷ್ಟ್ರೇ. ನಾನು ಎಲ್ಲಿ ತಪ್ಪಿದೆ?" ಎಂದು ಅವನು ಕೇಳಿದ್ದನು.

ಅವನಿಗೆ ಬರೆದ ಉತ್ತರವೇ ಈ ಪಾಠ. ಅವನು ಮಾಡಿದ ತಪ್ಪುಗಳು ಎರಡು. ಆಜ್ಞೆ ಕೊಡುವುದಕ್ಕೆಂದು ಮಾಡಿದ ವಸ್ತುವಿನ ಮೇಲೆ ಭಾರವನ್ನು ಹೊರಿಸಿದ್ದು ಮೊದಲನೆಯದು. ಕಾವಲುಗಾರನನ್ನು ಕಿತ್ತೆಸೆದದ್ದು ಎರಡನೆಯದು.

1. ಬಿಸಿ ಹುಟ್ಟುವ ಬಗೆ

ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ತಂತಿಯು ಅದಕ್ಕೆ ಅಷ್ಟಿಷ್ಟು ಅಡ್ಡಿಯನ್ನು ಒಡ್ಡುತ್ತದೆ. ಈ ಅಡ್ಡಿಗೆ ರೋಧವೆಂದು ಹೆಸರು. ವೋಲ್ಟೇಜು, ಪ್ರವಾಹ, ರೋಧ ಇವುಗಳ ಸಂಬಂಧವನ್ನು ಜರ್ಮನಿಯ ಓಮನು 1827ರಲ್ಲಿ ಪ್ರಕಟಿಸಿದನು. ವೋಲ್ಟನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುತ್ತದೆ. ಹುಟ್ಟುವ ಉಷ್ಣದ ಲೆಕ್ಕವನ್ನು ಇಂಗ್ಲೆಂಡಿನ ಜೂಲನು 1841ರಲ್ಲಿ ತೋರಿಸಿಕೊಟ್ಟನು. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಪ್ರವಾಹವು ಇಮ್ಮಡಿಯಾದರೆ ಉಷ್ಣವು ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಮಡಿ. ವಿದ್ಯಾರ್ಥಿಗಳು ಈ 'ವರ್ಗ' ಎಂಬ ಮಾತನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ಬಿಸಿ ಆಸನ ಇವೆಲ್ಲ ಒಂದೇ ಕುಲದವು. ನಿಕಲ್ ಮತ್ತು ಕ್ರೋಮಿಯಂ ಸೇರಿಸಿ ಮಾಡಿದ ಕಾವುತಂತಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವನು 1906ರಲ್ಲಿ ಪೇಟೆಂಟ್ ಪಡೆದನು. ವಾಹನದ ಆಸನವನ್ನು ಕಾಯಿಸುವ ಸಾಧನಕ್ಕೆ ರಾಬರ್ಟ್ ಬಲ್ಲಾರ್ಡ್ ಎಂಬವನಿಗೆ ಅಮೆರಿಕದಲ್ಲಿ 1955ರಲ್ಲಿ ಪೇಟೆಂಟ್ ದೊರೆಯಿತು. ಕ್ಯಾಡಿಲಾಕ್ ವಾಹನಗಳಲ್ಲಿ ಅದು 1966ರ ಮಾದರಿಯಿಂದ ಬೇಕಾದವರಿಗೆ ದೊರೆಯತೊಡಗಿತು. ಸ್ವೀಡನ್ನಿನ ಸಾಬ್ ಕಾರ್ಖಾನೆಯು 1972ರ ಮಾದರಿಗಳಲ್ಲಿ ಚಾಲಕನ ಆಸನಕ್ಕೆ ಇದನ್ನು ಅಳವಡಿಸಿತು. ಇಂದಿನ ಹೊದಿಕೆಗಳಲ್ಲಿ ಲೋಹದ ತಂತಿಗೆ ಬದಲಾಗಿ ಇಂಗಾಲದ ನಾರನ್ನು ಬಳಸುವುದೂ ಉಂಟು. ತತ್ತ್ವವು ಮಾತ್ರ ಜೂಲನು ಹೇಳಿದ್ದೇ.

ಬ್ಯಾಟರಿಯಿಂದಲೇ ಓಡುವ ವಾಹನಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಬಿಸಿ ಆಸನಕ್ಕೆ ಹೊಸ ಬೆಲೆ ಬಂದಿದೆ. ವಾಹನದೊಳಗಿನ ಗಾಳಿಯನ್ನೆಲ್ಲ ಕಾಯಿಸಲು ಸಾವಿರಾರು ವಾಟ್ ಬೇಕಾದರೆ, ಕುಳಿತವನ ಮೈಯನ್ನು ನೇರವಾಗಿ ಕಾಯಿಸಲು ಕೆಲವು ಹತ್ತು ವಾಟ್ ಸಾಕು.

2. ಲೆಕ್ಕ ಏನು ಹೇಳುತ್ತದೆ?

ಒಂದು ಹೊದಿಕೆಯ ಚೀಟಿಯಲ್ಲಿ '12 ವೋಲ್ಟ್, 45 ವಾಟ್' ಎಂದು ಬರೆದಿದೆ ಎಂದುಕೊಳ್ಳಿ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಪ್ರವಾಹವು 3.75 ಆಂಪಿಯರ್. 12 ವೋಲ್ಟನ್ನು 3.75ರಿಂದ ಭಾಗಿಸಿದರೆ ಕಾವುತಂತಿಯ ರೋಧವು 3.2 ಓಮ್.

ಆದರೆ ಎಂಜಿನ್ ಓಡುತ್ತಿರುವಾಗ ವಾಹನದ ತಂತಿಗಳಲ್ಲಿ ಇರುವುದು 12 ವೋಲ್ಟ್ ಅಲ್ಲ, ಸುಮಾರು 14 ವೋಲ್ಟ್. ಬ್ಯಾಟರಿಗೆ ಮರಳಿ ವಿದ್ಯುತ್ತನ್ನು ತುಂಬಲು ಅಷ್ಟು ಬೇಕಾಗುತ್ತದೆ. ಆಗ ಹೊದಿಕೆಯ ಪ್ರವಾಹವು 14 ಭಾಗಿಸು 3.2, ಎಂದರೆ 4.375 ಆಂಪಿಯರ್. ಅದು ಹೀರುವ ಶಕ್ತಿಯು 61.25 ವಾಟ್. ಚೀಟಿಯಲ್ಲಿ 45 ಎಂದಿದ್ದ ಹೊದಿಕೆಯು ದಾರಿಯಲ್ಲಿ 61 ವಾಟಿನ ಕೆಲಸ ಮಾಡುತ್ತಿರುತ್ತದೆ. ಎರಡು ಹೊದಿಕೆಗಳಿದ್ದರೆ ಒಟ್ಟು ಪ್ರವಾಹವು 8.75 ಆಂಪಿಯರ್.

ಈಗ ಆ ಸ್ವಿಚ್ಚಿನ ಒಳಗೆ ದೃಷ್ಟಿಯಿಡೋಣ. ಅದರೊಳಗೆ ಎರಡು ಲೋಹದ ತುಣುಕುಗಳು ಒಂದನ್ನೊಂದು ಮುಟ್ಟುತ್ತವೆ. ಹಗುರವಾಗಿ ಮಾಡಿದ, ಬಳಸಿ ಸವೆದ ಸ್ವಿಚ್ಚಿನಲ್ಲಿ ಆ ಸ್ಪರ್ಶದ ರೋಧವು 0.1 ಓಮ್ ಇದೆಯೆಂದು ಹಿಡಿಯಿರಿ. 8.75ರ ವರ್ಗವನ್ನು 0.1ರಿಂದ ಗುಣಿಸಿದರೆ 7.66 ವಾಟ್. ಇಷ್ಟು ಉಷ್ಣವು ತೊಡೆಯ ಅಗಲದ ಹೊದಿಕೆಯಲ್ಲಿ ಹರಡಿದ್ದರೆ ಅದು ಅಲ್ಪವೇ. ಆದರೆ ಇಲ್ಲಿ ಅದು ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಗೂಡಿನೊಳಗೆ ಹುಟ್ಟುತ್ತದೆ. ಹೊರಹೋಗಲು ಅದಕ್ಕೆ ದಾರಿಯಿಲ್ಲ. ಬಿಸಿಯಾದಷ್ಟೂ ಲೋಹದ ಮೇಲ್ಮೈ ಕೆಡುತ್ತದೆ, ಕೆಟ್ಟಷ್ಟೂ ರೋಧವು ಏರುತ್ತದೆ, ಏರಿದಷ್ಟೂ ಬಿಸಿ ಹೆಚ್ಚುತ್ತದೆ. ಒಂಬತ್ತು ದಿನ ತಡೆದದ್ದೇ ಆಶ್ಚರ್ಯ.

ಹಾಗಾದರೆ ಫ್ಯೂಸು ಏಕೆ ಹೋಗಲಿಲ್ಲ? ಅವನು ವಿದ್ಯುತ್ತನ್ನು ಎಳೆದದ್ದು 15 ಆಂಪಿಯರಿನ ಫ್ಯೂಸು ಇದ್ದ ತಂತಿಯಿಂದ. ಹರಿದದ್ದು 8.75. ಫ್ಯೂಸಿನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು! ಫ್ಯೂಸು ಒಟ್ಟು ಪ್ರವಾಹವನ್ನು ಮಾತ್ರ ಬಲ್ಲದು. ದಾರಿಯಲ್ಲಿ ಯಾವ ಬಡಪಾಯಿಯ ಬೆನ್ನು ಮುರಿಯುತ್ತಿದೆ ಎಂಬುದನ್ನು ಅದು ಅರಿಯದು. ಸರಪಣಿಯಲ್ಲಿ ಫ್ಯೂಸಿಗಿಂತ ದುರ್ಬಲವಾದ ಕೊಂಡಿಯೊಂದಿದ್ದರೆ ಫ್ಯೂಸಿಗೆ ಬದಲು ಆ ಕೊಂಡಿಯೇ ಸುಡುತ್ತದೆ.

3. ಕಾರ್ಖಾನೆಯ ಸ್ವಿಚ್ಚಿನ ಮೂರು ಜಾತಿಗಳು

ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಸ್ವಿಚ್ಚುಗಳು ಒಳಗಿನ ಸ್ವಭಾವದಲ್ಲಿ ಮೂರು ಬಗೆ.

ಮೊದಲನೆಯದು ಭಾರವನ್ನು ತಾನೇ ಹೊರುವ ಸ್ವಿಚ್ಚು. ಹಳೆಯ ಕಾಲದ ವಾಹನಗಳಲ್ಲಿ ಇದು ಹೆಚ್ಚು. ಇದರ ಹಿಂದೆ ದಪ್ಪ ತಂತಿಗಳಿರುತ್ತವೆ. ಒಳಗಿನ ಲೋಹದ ತುಣುಕುಗಳೂ ದೊಡ್ಡವು.

ಎರಡನೆಯದು ಆಜ್ಞೆಯನ್ನು ಮಾತ್ರ ಕೊಡುವ ಸ್ವಿಚ್ಚು. ಇದರ ತಂತಿಗಳು ತೆಳು. ಒತ್ತಿದಾಗ ಒಂದು ತಂತಿಯನ್ನು ವಾಹನದ ಲೋಹದ ಮೈಗೆ, ಮೆಕ್ಯಾನಿಕರು 'ಬಾಡಿ ಅರ್ತ್' ಎನ್ನುವುದಕ್ಕೆ, ತಾಗಿಸುತ್ತದೆ; ಅಷ್ಟೇ ಇದರ ಕೆಲಸ. ಆ ಸನ್ನೆಯನ್ನು ಕಂಡು ಬೇರೊಂದು ಸಾಧನವು ಆಸನಕ್ಕೆ ವಿದ್ಯುತ್ತನ್ನು ಬಿಡುತ್ತದೆ. ಇವುಗಳಲ್ಲಿಯೂ ಎರಡು ಪಂಗಡ: ಒಮ್ಮೆ ಒತ್ತಿದರೆ ಒತ್ತಿದಂತೆಯೇ ನಿಲ್ಲುವವು ಕೆಲವು, ಬೆರಳನ್ನು ತೆಗೆದೊಡನೆ ಮರಳಿ ಏಳುವವು ಕೆಲವು.

ಮೂರನೆಯದು ವಾಹನದ ಗಣಕಯಂತ್ರದೊಡನೆ ಮಾತಾಡುವ ಸ್ವಿಚ್ಚು. ಒಂದೇ ಫಲಕದ ಮೇಲಿನ ಹಲವು ಗುಂಡಿಗಳು ಎರಡು ಮೂರು ತಂತಿಗಳಲ್ಲಿಯೇ ತಮ್ಮ ಸಂದೇಶಗಳನ್ನು ಕಳುಹಿಸುತ್ತವೆ. ಕೆಲವದರಲ್ಲಿ ಪ್ರತಿಯೊಂದು ಗುಂಡಿಗೂ ಬೇರೆ ಬೇರೆ ರೋಧವಿದ್ದು, ಬಂದ ವೋಲ್ಟಿನಿಂದ ಯಾವ ಗುಂಡಿಯನ್ನು ಒತ್ತಿದರೆಂದು ಗಣಕವು ಗುರುತಿಸುತ್ತದೆ. ಕೆಲವದರಲ್ಲಿ ಅಂಕೆಗಳ ಸಂಕೇತವೇ ಹರಿಯುತ್ತದೆ. ಇಂತಹ ತಂತಿಗೆ ಹೊರಗಿನ ಯಾವುದನ್ನೂ ಜೋಡಿಸತಕ್ಕದ್ದಲ್ಲ. ಜೋಡಿಸಿದರೆ ಗಣಕವು ಸಂದೇಶವನ್ನು ತಪ್ಪಾಗಿ ಓದೀತು, ಇಲ್ಲವೆ ತಾನೇ ಸುಟ್ಟುಹೋದೀತು. ಅಲ್ಲದೆ, ಕಾರ್ಖಾನೆಯ ಗಣಕವು ಆಸನದಲ್ಲಿ ಹುದುಗಿರುವ ಉಷ್ಣಮಾಪಕವನ್ನು ಹುಡುಕುತ್ತದೆ. ಪೇಟೆಯ ಹೊದಿಕೆಯಲ್ಲಿ ಅದಕ್ಕೆ ಬೇಕಾದ ಉತ್ತರವಿಲ್ಲದಿದ್ದರೆ ದೋಷವಿದೆಯೆಂದು ಬಗೆದು ಬಿಸಿಯನ್ನೇ ಕೊಡುವುದಿಲ್ಲ. ಈ ಜಾತಿಯ ವಾಹನಗಳಲ್ಲಿ ಪ್ರತ್ಯೇಕವಾದ ಸ್ವಿಚ್ಚನ್ನು ಬೇರೆ ಜಾಗದಲ್ಲಿ ಕೂಡಿಸುವುದೇ ಬುದ್ಧಿವಂತಿಕೆ.

ತನ್ನ ಸ್ವಿಚ್ಚು ಯಾವ ಜಾತಿಯದೆಂಬುದನ್ನು ಆ ವಾಹನದ ತಂತಿ ನಕ್ಷೆಯಿಂದಲೂ ಮಲ್ಟಿಮೀಟರಿನಿಂದಲೂ ನಿಶ್ಚಯಿಸಿಕೊಳ್ಳದೆ ಕತ್ತರಿಯನ್ನು ಕೈಗೆತ್ತಿಕೊಳ್ಳಬಾರದು. ನನ್ನ ವಿದ್ಯಾರ್ಥಿಯು ಗುಜರಿಯಿಂದ ತಂದದ್ದು ಎರಡನೆಯ ಜಾತಿಯ, ಒತ್ತಿದಂತೆ ನಿಲ್ಲುವ ಸ್ವಿಚ್ಚು. ಸನ್ನೆ ಮಾಡುವ ಕೈಗೆ ಅವನು ಮೂಟೆಯನ್ನು ಹೊರಿಸಿದ್ದನು.

4. ರಿಲೇ: ತೋಟದ ಸ್ಟಾರ್ಟರಿನ ತಮ್ಮ

ಆಜ್ಞೆಯನ್ನೂ ಭಾರವನ್ನೂ ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವು ನಿಮ್ಮ ಅಡಿಕೆ ತೋಟದ ಪಂಪುಶೆಡ್ಡಿನಲ್ಲಿಯೇ ತೂಗುತ್ತಿದೆ. ಮೂರು ಫೇಸಿನ ಪಂಪಿನ ಸ್ಟಾರ್ಟರನ್ನು ನೆನಪಿಸಿಕೊಳ್ಳಿ. ಹಸುರು ಗುಂಡಿಯನ್ನು ಒತ್ತಿದೊಡನೆ ಪೆಟ್ಟಿಗೆಯೊಳಗೆ 'ಟಕ್' ಎಂಬ ಸದ್ದಾಗುತ್ತದೆ, ಪಂಪು ಓಡತೊಡಗುತ್ತದೆ. ಮೋಟಾರಿನ ಪ್ರವಾಹವು ನೀವು ಒತ್ತಿದ ಗುಂಡಿಯಲ್ಲಿ ಹರಿಯುವುದಿಲ್ಲ. ಗುಂಡಿಯು ಒಂದು ಸುರುಳಿಗೆ ಸ್ವಲ್ಪ ವಿದ್ಯುತ್ತನ್ನು ಕೊಡುತ್ತದೆ. ಸುರುಳಿಯು ಅಯಸ್ಕಾಂತವಾಗಿ ದೊಡ್ಡ ಲೋಹದ ತುಣುಕುಗಳನ್ನು ಸೆಳೆದು ಕೂಡಿಸುತ್ತದೆ. ಮೋಟಾರಿನ ಹೊರೆಯನ್ನು ಹೊರುವುದು ಅವು.

ವಾಹನದ ರಿಲೇ ಎಂಬುದು ಇದೇ ಸ್ಟಾರ್ಟರಿನ ಪುಟ್ಟ ತಮ್ಮ. ಅಮೆರಿಕದ ಜೋಸೆಫ್ ಹೆನ್ರಿಯು 1835ರ ಸುಮಾರಿಗೆ ಈ ಉಪಾಯವನ್ನು ಮಾಡಿ ತೋರಿಸಿದ್ದನು. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಈ ಘನಾಕೃತಿಯ ಕೆಳಗೆ ಕಾಲುಗಳಿವೆ; ಅವಕ್ಕೆ 30, 85, 86, 87 ಎಂಬ ಅಂಕೆಗಳಿರುತ್ತವೆ. ಇವು ಜರ್ಮನ್ ಮಾನಕದ ಗುರುತುಗಳು. 85 ಮತ್ತು 86ರ ನಡುವೆ ಸುರುಳಿಯಿದೆ. ಅದು ಆಜ್ಞೆಯ ದಾರಿ. 30 ಮತ್ತು 87ರ ನಡುವೆ ದಪ್ಪ ಲೋಹದ ತುಣುಕುಗಳಿವೆ. ಅದು ಭಾರದ ದಾರಿ. ಎರಡು ದಾರಿಗಳಿಗೂ ತಂತಿಯ ಸಂಬಂಧವಿಲ್ಲ. ಅಯಸ್ಕಾಂತದ ಸೆಳೆತವೊಂದೇ ಅವುಗಳ ನಡುವಣ ಸೇತುವೆ.

ಸುರುಳಿಯ ರೋಧವು ಸುಮಾರು 90 ಓಮ್ ಇರುತ್ತದೆ. 14 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹವು 0.156 ಆಂಪಿಯರ್ ಮಾತ್ರ. ರಿಲೇ ಇಲ್ಲದೆ ಅದೇ ಸ್ವಿಚ್ಚು 8.75 ಆಂಪಿಯರನ್ನು ಹೊರಬೇಕಿತ್ತು. ಪ್ರವಾಹವು 56ರಲ್ಲಿ ಒಂದು ಪಾಲಾಯಿತು. ಉಷ್ಣವೆಷ್ಟಾಯಿತು? ಜೂಲನ 'ವರ್ಗ'ವನ್ನು ಮರೆಯಬೇಡಿ: 56ರ ವರ್ಗವು 3136. ಸ್ವಿಚ್ಚಿನೊಳಗಿನ ಬಿಸಿಯು ಮೂರು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಮೆಯಾಯಿತು! ಒಂದು ಊಟದ ಬೆಲೆಗೆ ದೊರೆಯುವ ರಿಲೇ ಮಾಡುವ ಉಪಕಾರ ಇಷ್ಟು ದೊಡ್ಡದು.

ಬೆರಳು ತೆಗೆದೊಡನೆ ಏಳುವ ಸ್ವಿಚ್ಚಾದರೆ? ಬರಿಯ ರಿಲೇಯಿಂದ ಸಾಲದು. ಬೆರಳನ್ನು ತೆಗೆದಾಗ ರಿಲೇಯೂ ಬಿಟ್ಟುಬಿಡುತ್ತದೆ. ಇದಕ್ಕೂ ಪಂಪುಶೆಡ್ಡೇ ಗುರು. ಹಸುರು ಗುಂಡಿಯೂ ಮರಳಿ ಏಳುತ್ತದೆ, ಆದರೂ ಪಂಪು ನಿಲ್ಲುವುದಿಲ್ಲ. ಸ್ಟಾರ್ಟರಿನೊಳಗಿನ ಒಂದು ಚಿಕ್ಕ ಸಹಾಯಕ ಸಂಪರ್ಕವು ಸುರುಳಿಗೆ ವಿದ್ಯುತ್ತನ್ನು ಕೊಡುತ್ತಲೇ ಇದ್ದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ವಾಹನದಲ್ಲಿಯೂ ಹಾಗೆ ಹಿಡಿದುಕೊಳ್ಳುವ ರಿಲೇಗಳು ದೊರೆಯುತ್ತವೆ.

5. ಜೋಡಣೆಯ ಕ್ರಮ

ಎರಡನೆಯ ಜಾತಿಯ, ಒತ್ತಿದಂತೆ ನಿಲ್ಲುವ ಸ್ವಿಚ್ಚು ಎಂದಿಟ್ಟುಕೊಂಡು ಕ್ರಮವನ್ನು ಹೇಳುತ್ತೇನೆ.

ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು.

ಭಾರದ ದಾರಿ ಹೀಗೆ: ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿಗೆ ಒಂದು ಗೇಣಿನೊಳಗೇ 15 ಆಂಪಿಯರಿನ ಫ್ಯೂಸು. ಅಲ್ಲಿಂದ ರಿಲೇಯ 30ಕ್ಕೆ. 87ರಿಂದ ಹೊರಟ ತಂತಿಯು ಎರಡು ಕವಲಾಗಿ, ಪ್ರತಿಯೊಂದು ಕವಲಿಗೂ 7.5 ಆಂಪಿಯರಿನ ಫ್ಯೂಸಿನ ಮೂಲಕ ಒಂದೊಂದು ಹೊದಿಕೆಯ ನಿಯಂತ್ರಕಕ್ಕೆ. ಹೊದಿಕೆಯ ಮತ್ತೊಂದು ತುದಿಯು ಬಣ್ಣ ಕೆರೆದ ಲೋಹದ ಮೇಲೆ ಬಿಗಿಯಾಗಿ ಕೂಡಿಸಿದ ಬಾಡಿ ಅರ್ತಿಗೆ. ಕವಲುಗಳಿಗೆ ಬೇರೆ ಫ್ಯೂಸು ಏಕೆಂದರೆ ಹೊದಿಕೆಯ ತಂತಿಗಳು ಮುಖ್ಯ ತಂತಿಗಿಂತ ತೆಳುವಾಗಿರುತ್ತವೆ. ಫ್ಯೂಸು ಕಾಯುವುದು ತಂತಿಯನ್ನು. ತೆಳುವಾದ ತಂತಿಗೆ ಚಿಕ್ಕ ಫ್ಯೂಸೇ ತಕ್ಕದ್ದು.

ಆಜ್ಞೆಯ ದಾರಿ ಹೀಗೆ: ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ, ಚಿಕ್ಕ ಫ್ಯೂಸಿರುವ ತಂತಿಯಿಂದ 86ಕ್ಕೆ, 85ರಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಾಡಿ ಅರ್ತಿಗೆ. ಕೀಯನ್ನು ತೆಗೆದೊಡನೆ ರಿಲೇ ತಾನಾಗಿ ಬಿಡಬೇಕು. ಇಲ್ಲವಾದರೆ, ಮರೆತು ಬಿಟ್ಟ ಎರಡು ಹೊದಿಕೆಗಳು 12 ವೋಲ್ಟಿನಲ್ಲಿ 7.5 ಆಂಪಿಯರನ್ನು ಎಳೆಯುತ್ತ 45 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಆರು ಗಂಟೆಗಳಲ್ಲಿ ಬರಿದು ಮಾಡಿಯಾವು. ಮಂಜಿನ ದಾರಿಯಲ್ಲಿ ಎಂಜಿನ್ ಏಳದಿದ್ದರೆ ಗತಿಯೇನು?

ತಂತಿಯ ದಪ್ಪವನ್ನು ಅಸಡ್ಡೆ ಮಾಡಬಾರದು. ಬ್ಯಾಟರಿಯಿಂದ ಹೊದಿಕೆಗಳವರೆಗೆ ಒಟ್ಟು 4 ಮೀಟರ್ ತಾಮ್ರದ ತಂತಿ ಹಿಡಿಯಿತೆನ್ನಿ. ಅದರ ಅಡ್ಡಕೊಯ್ತವು 0.5 ಚದರ ಮಿಲಿಮೀಟರ್ ಇದ್ದರೆ ರೋಧವು ಸುಮಾರು 0.14 ಓಮ್, 8.75 ಆಂಪಿಯರಿಗೆ ತಂತಿಯಲ್ಲಿಯೇ 10 ವಾಟಿಗೂ ಹೆಚ್ಚು ಉಷ್ಣ. 2.5 ಚದರ ಮಿಲಿಮೀಟರಿನ ತಂತಿಯಾದರೆ ಉಷ್ಣವು ಸುಮಾರು 2 ವಾಟ್, ಅದೂ ಉದ್ದಕ್ಕೂ ಹರಡಿಕೊಂಡು. ನಾವು ಕಾಯಿಸಬೇಕಾದದ್ದು ಆಸನವನ್ನು, ನೆಲಹಾಸಿನ ಕೆಳಗಣ ತಂತಿಯನ್ನಲ್ಲ.

ಇನ್ನೊಂದು ಸೂಕ್ಷ್ಮವುಂಟು. ಸುರುಳಿಯ ಪ್ರವಾಹವನ್ನು ಥಟ್ಟನೆ ಕಡಿದಾಗ ಅದು ಒಂದು ಕ್ಷಣ ನೂರಾರು ವೋಲ್ಟನ್ನು ವಿರುದ್ಧ ದಿಕ್ಕಿನಲ್ಲಿ ಚಿಮ್ಮಿಸುತ್ತದೆ. ಹಳೆಯ ವಾಹನಗಳಿಗೆ ಇದರಿಂದ ಹಾನಿಯಿರಲಿಲ್ಲ. ಗಣಕಗಳಿರುವ ಇಂದಿನ ವಾಹನಗಳಿಗೆ ಉಂಟು. ಆದುದರಿಂದ ಒಳಗೇ ಡಯೋಡ್ ಇರುವ ರಿಲೇಯನ್ನು ಆರಿಸಿ, ಅದರ ಮೇಲೆ ಗುರುತು ಮಾಡಿದ ಧನ ಕಾಲನ್ನು ಧನ ತಂತಿಗೇ ಜೋಡಿಸಬೇಕು. ಅದಲು ಬದಲಾದರೆ ಡಯೋಡು ಸುಟ್ಟುಹೋಗುತ್ತದೆ.

ಸ್ವಿಚ್ಚಿನಲ್ಲಿರುವ ದೀಪಕ್ಕೆ ವಿದ್ಯುತ್ತನ್ನು 87ರ ಕಡೆಯಿಂದ ಕೊಡುವುದು ಒಳ್ಳೆಯದು. ದೀಪದೊಡನೆ ತಕ್ಕ ರೋಧವಿದೆಯೆ ಎಂದು ಮೊದಲು ಪರೀಕ್ಷಿಸಬೇಕು. ಹಾಗೆ ಜೋಡಿಸಿದರೆ ರಿಲೇಯು ಅಂಟಿಕೊಂಡು ಬಿಡದೆ ಹೋದಾಗಲೂ ದೀಪವು ಉರಿಯುತ್ತಿದ್ದು ಸತ್ಯವನ್ನು ತಿಳಿಸುತ್ತದೆ. ಆಜ್ಞೆಯ ಕಡೆಯಿಂದ ಕೊಟ್ಟ ದೀಪವು ಆಜ್ಞೆ ಹೋಯಿತೆಂದು ಮಾತ್ರ ಹೇಳೀತು. ಕೆಲಸವಾಯಿತೆ ಎಂಬುದನ್ನು ಹೇಳದು.

6. ಕಾವಲುಗಾರನನ್ನು ಕೀಳಬಾರದು

ಇನ್ನು ಎರಡನೆಯ ತಪ್ಪಿಗೆ ಬರೋಣ. ಹೊದಿಕೆಯೊಡನೆ ಬಂದ ನಿಯಂತ್ರಕವು ಬರಿಯ ಗುಂಡಿಯ ಪೆಟ್ಟಿಗೆಯಲ್ಲ. ಹೊದಿಕೆಯೊಳಗಿನ ಉಷ್ಣಮಾಪಕವನ್ನು ಓದಿ, ಬಿಸಿ ಸಾಕಾದಾಗ ವಿದ್ಯುತ್ತನ್ನು ನಿಲ್ಲಿಸಿ, ತಣಿದಾಗ ಮರಳಿ ಬಿಡುವ ಕೆಲಸವು ಅನೇಕ ಹೊದಿಕೆಗಳಲ್ಲಿ ಅದರದೇ. ಅದನ್ನು ಕತ್ತರಿಸಿ ತೆಗೆದರೆ ಕಾವುತಂತಿಗೆ ನಿಲುಗಡೆಯಿಲ್ಲದೆ 61 ವಾಟ್ ಹರಿಯುತ್ತಲೇ ಇರುತ್ತದೆ. ಮೇಲೆ ಕುಳಿತವನ ಮೈಯೂ ಬಟ್ಟೆಯೂ ಕಂಬಳಿಯಂತೆ ಮುಚ್ಚಿಕೊಂಡಿರುವಾಗ ಆ ಉಷ್ಣವು ಎಲ್ಲಿಗೆ ಹೋಗಬೇಕು?

ಆದಕಾರಣ ರಿಲೇಯ ವಿದ್ಯುತ್ತು ನಿಯಂತ್ರಕದ ಮೂಲಕವೇ ಹೊದಿಕೆಗೆ ಹೋಗಬೇಕು. ಇಲ್ಲಿ ಒಂದು ತೊಡಕುಂಟು. ಮುಟ್ಟಿದರೆ ಕೆಲಸ ಮಾಡುವ ನಿಯಂತ್ರಕಗಳು ವಿದ್ಯುತ್ತು ಹೋಗಿ ಬಂದರೆ ಸಾಮಾನ್ಯವಾಗಿ ನಿಂತ ಸ್ಥಿತಿಯಲ್ಲಿಯೇ ಏಳುತ್ತವೆ. ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಒತ್ತಿದರೂ ಬಿಸಿ ಬರುವುದಿಲ್ಲ. ಜನರು ಅದನ್ನು ಕತ್ತರಿಸಿ ಹಾಕುವುದಕ್ಕೆ ಇದೇ ಕಾರಣ. ಪರಿಹಾರವು ಕತ್ತರಿಯಲ್ಲ, ಇಟ್ಟ ಜಾಗದಲ್ಲಿ ನಿಲ್ಲುವ ಗುಂಡಿಯಿರುವ, ಉಷ್ಣ ನಿಯಂತ್ರಣವುಳ್ಳ ಹೊದಿಕೆಯನ್ನು ಮೊದಲೇ ಆರಿಸಿ ಕೊಳ್ಳುವುದು.

ಆಸನದ ಸುತ್ತಣ ಬೇರೆ ಕಾವಲುಗಾರರನ್ನೂ ಮರೆಯಬಾರದು. ಅನೇಕ ವಾಹನಗಳಲ್ಲಿ ಆಸನದ ಬೆನ್ನಿನ ಪಕ್ಕದಲ್ಲಿ ಗಾಳಿಚೀಲವು, ಎಂದರೆ ಏರ್‌ಬ್ಯಾಗ್, ಮಡಿಚಿಕೊಂಡಿರುತ್ತದೆ. ಅದು ಹೊರಚಿಮ್ಮುವ ಜಾಗವನ್ನು ಹೊದಿಕೆಯಿಂದ ಮುಚ್ಚಿದರೆ ಅಪಘಾತದ ಕಾಲದಲ್ಲಿ ಅದು ಬಿಡಿಸಿಕೊಳ್ಳದೆ ಹೋದೀತು. ಆಸನದ ಕೆಳಗಿನ ಹಳದಿ ಬಣ್ಣದ ತಂತಿಗಳೂ ಕನೆಕ್ಟರುಗಳೂ ಸಾಧಾರಣವಾಗಿ ಅದಕ್ಕೆ ಸೇರಿದವು. ಅವನ್ನು ಬಿಚ್ಚತಕ್ಕದ್ದಲ್ಲ, ಅಳೆಯತಕ್ಕದ್ದಲ್ಲ. ವಿದ್ಯುತ್ ವಾಹನಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ನೂರಾರು ವೋಲ್ಟಿನವು. ಅವುಗಳ ಹತ್ತಿರ ಕೈಯೇ ಹೋಗಬಾರದು.

7. ಶರೀರದ ಲೆಕ್ಕ

ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ಮುಖ್ಯ ಸಂಗತಿ ತಿಳಿದುಬಂದಿತು. ಚರ್ಮವು ಸುಡುವುದಕ್ಕೆ ಕುದಿಯುವ ಬಿಸಿ ಬೇಕಾಗಿಲ್ಲ. 44 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಸುಮಾರು ಆರು ಗಂಟೆಗಳ ಕಾಲ ತಾಗಿದ್ದರೆ ಚರ್ಮಕ್ಕೆ ಹಾನಿಯಾಗುತ್ತದೆ. ಅಲ್ಲಿಂದ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಂತೆಲ್ಲ ಬೇಕಾಗುವ ಕಾಲವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಂದರೆ 48 ಡಿಗ್ರಿಯಲ್ಲಿ ಆರು ಗಂಟೆಯ ಹದಿನಾರನೆಯ ಒಂದು ಪಾಲು: ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ.

ಆರೋಗ್ಯವಂತನು ಅಷ್ಟು ಹೊತ್ತು ಸುಮ್ಮನೆ ಕುಳಿತಿರುವುದಿಲ್ಲ. ಬಿಸಿ ತಾಗಿತೆಂದು ಮೈಯು ಆಜ್ಞೆ ಮಾಡುತ್ತದೆ, ಅವನು ಸರಿದು ಕೂರುತ್ತಾನೆ. ಆದರೆ ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಬಹುಕಾಲದ ಸಿಹಿಮೂತ್ರ ರೋಗ ಮೊದಲಾದವುಗಳಿಂದ ನರಗಳು ಮಂಕಾದವರಿಗೆ ಆ ಆಜ್ಞೆಯೇ ಬರುವುದಿಲ್ಲ. ಹಸುಳೆಗಳಿಗೂ ತೀರ ವೃದ್ಧರಿಗೂ ಸರಿದು ಕೂರುವ ಶಕ್ತಿಯಿಲ್ಲ. ಇಂತಹವರನ್ನು ಬಿಸಿ ಆಸನದಲ್ಲಿ ಕೂರಿಸಲೇಬಾರದು. ಕಂಬಳಿ, ಉಣ್ಣೆಯ ಬಟ್ಟೆ, ಮೊದಲೇ ಕಾಯಿಸಿಟ್ಟ ವಾಹನ, ಇವೇ ಅವರಿಗೆ ತಕ್ಕವು. ಯಾರಿಗೆ ಬಿಸಿಯು ಎಲ್ಲರಿಗಿಂತ ಹೆಚ್ಚು ಬೇಕೆಂದು ನಮಗೆ ತೋರುತ್ತದೆಯೋ ಅವರಿಗೇ ಅದು ಎಲ್ಲರಿಗಿಂತ ಹೆಚ್ಚು ಅಪಾಯಕರ. ನಮ್ಮ ಊರಿನಲ್ಲಿಯೂ ಕಾಲು ಜೋಮು ಹಿಡಿದ ಅಜ್ಜಂದಿರಿಗೆ ಬಿಸಿನೀರಿನ ಚೀಲವನ್ನು ಇಡುವವರು ಈ ಮಾತನ್ನು ಗಮನಿಸಬೇಕು.

ಉಪಸಂಹಾರ

ನನ್ನ ವಿದ್ಯಾರ್ಥಿಯು ಓಮನ ನಿಯಮವನ್ನು ಮರೆತಿರಲಿಲ್ಲ. ಪರೀಕ್ಷೆಯಲ್ಲಿ ಬಂದಿದ್ದರೆ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಿದ್ದನು. ಕೈಯಲ್ಲಿ ತಂತಿಯನ್ನು ಹಿಡಿದಾಗ ಆ ಲೆಕ್ಕವು ಇಲ್ಲಿಗೂ ಸಲ್ಲುತ್ತದೆಂಬುದು ಅವನಿಗೆ ಹೊಳೆಯಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ನಾನು ಅಂದು ಕರಿಹಲಗೆಯ ಮೇಲೆ ಸೂತ್ರವನ್ನು ಬರೆದೆನೇ ಹೊರತು ಪಂಪುಶೆಡ್ಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಸ್ಟಾರ್ಟರಿನ ಮುಚ್ಚಳವನ್ನು ತೆರೆಯಿಸಿ ತೋರಿಸಿರಲಿಲ್ಲ.

ಈ ಚಳಿಗಾಲಕ್ಕೆ ಅವನು ರಿಲೇಯನ್ನು ಜೋಡಿಸಿ, ನಿಯಂತ್ರಕವುಳ್ಳ ಹೊಸ ಹೊದಿಕೆಯನ್ನು ತನ್ನ ಆಸನಕ್ಕೆ ಮಾತ್ರ ಹಾಕಿಕೊಂಡಿದ್ದಾನೆ. ಪಕ್ಕದ ಆಸನದಲ್ಲಿ ಉಣ್ಣೆಯ ಕಂಬಳಿಯಿದೆಯಂತೆ.

ಅಭ್ಯಾಸ

1. '12 ವೋಲ್ಟ್, 60 ವಾಟ್' ಎಂದಿರುವ ಹೊದಿಕೆಯ ರೋಧವೆಷ್ಟು? 14 ವೋಲ್ಟಿನಲ್ಲಿ ಅದು ಹೀರುವ ಶಕ್ತಿಯೆಷ್ಟು?

2. ಕೂರುವ ಭಾಗಕ್ಕೂ ಬೆನ್ನಿಗೂ 6.4 ಓಮಿನ ಒಂದೊಂದು ಕಾವುತಂತಿಯಿದೆ. ಅವನ್ನು ಸಮಾಂತರವಾಗಿ ಜೋಡಿಸಿದಾಗಲೂ ಸರಣಿಯಲ್ಲಿ ಜೋಡಿಸಿದಾಗಲೂ 12 ವೋಲ್ಟಿನಲ್ಲಿ ದೊರೆಯುವ ಶಕ್ತಿಯನ್ನು ಕಂಡುಹಿಡಿದು, 'ಹೆಚ್ಚು' ಮತ್ತು 'ಕಡಮೆ' ಎಂಬ ಎರಡು ಮಟ್ಟಗಳನ್ನು ಹೀಗೆ ಹೇಗೆ ಪಡೆಯಬಹುದೆಂದು ವಿವರಿಸಿರಿ.

3. ಹಿರಿಯರೊಬ್ಬರ ಜೊತೆಯಲ್ಲಿ, ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೆ, ನಿಮ್ಮ ತೋಟದ ಸ್ಟಾರ್ಟರಿನ ಒಳಭಾಗವನ್ನು ನೋಡಿ ಅದರ ಚಿತ್ರವನ್ನು ಬರೆಯಿರಿ. ಆಜ್ಞೆಯ ದಾರಿಯನ್ನು ನೀಲಿಯಲ್ಲಿಯೂ ಭಾರದ ದಾರಿಯನ್ನು ಕೆಂಪಿನಲ್ಲಿಯೂ ತೋರಿಸಿರಿ.